ಬಿಲ್ಲಿಲ್ಲದ ಫೋನು

ಪಾಣೆಮಂಗಳೂರಿನ ಮೊಬೈಲ್ ಅಂಗಡಿಯ ಕಾಕ ಮಾತಿಗೆ ಮೊದಲು ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ಯಾರೇನು ಕೇಳಿದರೂ “ನೋಡುವ, ನಾನುಂಟಲ್ಲ” ಎನ್ನುತ್ತಿದ್ದರು.

ಅವರಿಂದ ಕೊಂಡ ಹಳೆಯ ಫೋನಿನಲ್ಲೇ ನಾನು ದುಬೈಯಲ್ಲಿದ್ದ ಗಂಡನ ಮುಖ ಕಾಣುತ್ತಿದ್ದೆ. ಬ್ಯಾಟರಿ ಉರಿಯಬಹುದೆಂದು ಕಂಪನಿ ಆ ಮಾದರಿಯ ಫೋನುಗಳನ್ನೆಲ್ಲ ವಾಪಸು ಕರೆಯಿತು. ಬದಲಿ ಬೇಕಾದರೆ ಬಿಲ್ಲು ತೋರಿಸಬೇಕು, ನನ್ನಲ್ಲಿ ಇರಲಿಲ್ಲ. ಕಾಕ ಅಂಗಡಿಗೆ ಬೀಗ ಹಾಕಿ ನನ್ನೊಂದಿಗೆ ಮಂಗಳೂರಿನ ಸರ್ವಿಸ್ ಸೆಂಟರಿಗೆ ಬಂದರು.

“ಬಿಲ್ಲು ಇಲ್ಲ. ಮಾರಿದವ ನಾನೇ ಬಂದಿದ್ದೇನೆ, ಬರೆದು ರುಜು ಹಾಕಿ ಕೊಡ್ತೇನೆ” ಎಂದರು. ಕೌಂಟರಿನವಳು ಒಳಗೆ ಕೇಳಿಕೊಂಡು ಬಂದು ಒಪ್ಪಿದಳು. ಹೊಸ ಫೋನು ಕೈಗೆ ಬಂದಾಗ, “ಮೊದಲು ಗಂಡನಿಗೆ ಫೋನು ಮಾಡು ಮಗಳೇ” ಎಂದು ಕಾಕ ರಸ್ತೆಯ ಕಡೆ ತಿರುಗಿ ನಿಂತರು.

ಗಂಡ ಊರಿಗೆ ಮರಳುವ ಮೊದಲೇ ಕಾಕ ತೀರಿಕೊಂಡರು. ಇವರೊಂದಿಗೆ ಆ ಅಂಗಡಿಯ ಮುಂದೆ ನಡೆಯುವಾಗ ಈಗಲೂ ನನ್ನ ಹೆಜ್ಜೆ ನಿಧಾನವಾಗುತ್ತದೆ. ಒಮ್ಮೆ ಇವರನ್ನು ಕಾಕನಿಗೆ ತೋರಿಸಬೇಕಿತ್ತು.