ಗಾಜಿನಾಚೆಯ ರಾಗಿ

ತಮಿಳು ಸೀಮೆಗೆ ಸೇರಿದ ಪಣಕಹಳ್ಳಿಯಲ್ಲಿ ನಮ್ಮ ರಾಗಿ ಹೊಲ ಕಾಯುತ್ತಿದ್ದ ಅಜ್ಜಿ ಯಾರ ಜೊತೆ ಮಾತಾಡುವಾಗಲೂ ಪೈರಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. "ಕಣ್ಣು ಒಲದ್ ಮ್ಯಾಲೇ ಇರ್ಬೇಕು ಕಣ್ಲಾ, ಅಂದಿ ಏಳ್ಬುಟ್ಟು ಬಂದದಾ?" ಎನ್ನುವಳು; ಕಾಡುಹಂದಿ ಯಾವ ಗಳಿಗೆಯಲ್ಲಾದರೂ ನುಗ್ಗೀತೆಂಬ ಭಯ ಅವಳಿಗೆ.

ಒಮ್ಮೆ ಕೊಯಮತ್ತೂರಿನ ಎಂಜಿನಿಯರೊಬ್ಬ, ಬೆರಳಿಂದ ಮುಟ್ಟಿ ನಡೆಸುವ ಪಾರದರ್ಶಕ ಗಾಜಿನ ಪರದೆಯನ್ನು ನಡುಮಧ್ಯಾಹ್ನ ನಮ್ಮ ಬದುವಿನ ಮೇಲೆ ನಿಲ್ಲಿಸಿದ. ಅದು ರೈತರಿಗೆ ಬಳಸಲು ಬರುತ್ತದೆಯೇ ಎಂಬ ಪರೀಕ್ಷೆ. ಅದರಲ್ಲಿ ಬೆಳೆಗಳ ಚಿತ್ರಗಳಿದ್ದವಂತೆ. ರಾಗಿಯನ್ನು ಮುಟ್ಟುವಂತೆ ಅಜ್ಜಿಗೆ ತಮಿಳಿನಲ್ಲಿ ಹೇಳಿದ. ಅವಳು ಗಾಜನ್ನು ಸುತ್ತಿ ಹೋಗಿ, ಹೊಲಕ್ಕಿಳಿದು, ತೆನೆ ಮುಟ್ಟಿ, "ಕಾಳ್ಗೆ ಇನ್ನೂ ಆಲು ತುಂಬಿಲ್ಲ ಸಾಮಿ" ಎಂದಳು.

ಅವನು ನಕ್ಕು, "ತಿಳಿವಳಿಕೆ ಇಲ್ಲದವಳು" ಎಂದು ಬರೆದುಕೊಂಡ. ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಬಿಸಿಲಲ್ಲಿ ಗಾಜಿನೊಳಗೆ ನನಗೂ ಹೊಲವಷ್ಟೇ ಕಂಡಿತ್ತು. ಹಾಗೆಂದಾಗ, ಚಿತ್ರ ತೋರಿಸುತ್ತೇನೆಂದು ಬಂದವನು ತಾನೇ ಅಂಗೈಯಿಂದ ಬಿಸಿಲು ಮರೆಮಾಡಿಕೊಂಡು ಗಾಜಿನ ತುಂಬ ಹುಡುಕಿದ. ಸಿಗಲಿಲ್ಲ. ಆದರೂ ಬರೆದದ್ದನ್ನು ಹೊಡೆದುಹಾಕಲಿಲ್ಲ.