ರೇಣು ಬಿಚ್ಚಿ ಹೊಲಿದ ಕೌದಿಗಳು

ನೇಸರಗಿಯ ರೇಣು ತೀರಿಕೊಂಡು ಇಂದಿಗೆ ಹದಿನೆಂಟು ದಿನ. ಊರಿನವರಿಗೆ ಆಕೆ ಕೌದಿ ಹೊಲಿಯುವವಳು. ನನಗೆ ಹೈಸ್ಕೂಲಿನ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿ. ನಾನು ವಿಜ್ಞಾನದ ಟೀಚರ್ ಆದೆ. ಆಕೆ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿಯತೊಡಗಿದಳು. ಬೈಲಹೊಂಗಲದಿಂದಲೂ ಜನ ಸೀರೆಯ ಗಂಟು ಹೊತ್ತು ಬರುತ್ತಿದ್ದರು.

ಕೌದಿ ಮುಗಿಯುವ ಮೊದಲು ಒಂದು ಮೂಲೆಯನ್ನು ತೆರೆದೇ ಉಳಿಸಿ, ಅದರೊಳಗೆ ಬೆರಳಷ್ಟು ಜೋಳದ ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. "ಕೌದಿ ಉಪಾಸ ಇದ್ರ ಹೊದ್ಕೊಂಡಾವ್ರಿಗೆ ನಿದ್ದಿ ಹತ್ತಂಗಿಲ್ಲ" ಎಂದು ನಗುತ್ತಿದ್ದಳು.

ಹೋದ ವರ್ಷ ಮಾರ್ಚ್‌ನಲ್ಲಿ ನಮ್ಮ ಹಾಸಿಗೆಗಳಿಗೆ ತಿಗಣೆ ಹತ್ತಿದವು. ಅತ್ತೆ ಸಿದ್ದಲಿಂಗವ್ವನವರ ಬೆನ್ನು ತುಂಬ ದದ್ದು. ಎಲ್ಲಿಂದ ಬಂದವೆಂದು ನನಗೆ ಗೊತ್ತಿತ್ತು. ಹಿಂದಿನ ತಿಂಗಳು ತರಬೇತಿಗೆಂದು ಐದು ದಿನ ಒಂದು ಲಾಡ್ಜಿನಲ್ಲಿದ್ದೆ. ಮರಳಿದ ದಿನ ಬ್ಯಾಗಿನ ಅಂಚಿನಲ್ಲಿದ್ದ ಎರಡನ್ನು ಉಗುರಿನಿಂದ ಹೊಸಕಿ ಕೊಂದಿದ್ದೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ರೇಣುವನ್ನು ಕರೆಸಿದೆವು. ಆಕೆ ತಾನೇ ಹೊಲಿದುಕೊಟ್ಟಿದ್ದ ಕೌದಿಗಳನ್ನು ಅಂಗಳದಲ್ಲಿ ಹರವಿ, ಹೊಲಿಗೆ ಬಿಚ್ಚಿ, ಒಂದೊಂದು ಪದರನ್ನೂ ಕುದಿಯುವ ನೀರಿಗೆ ಹಾಕಿದಳು. ಮಂಚದ ಸಂದುಗಳಿಗೂ ಬಿಸಿನೀರು ಸುರಿದಳು. ನನ್ನ ಬ್ಯಾಗನ್ನು ಕೇಳಿ ಇಸಿದುಕೊಂಡು, ಅಂಚುಗಳನ್ನು ತಿರುವಿ ನೋಡಿ, ಅದನ್ನೂ ಅದ್ದಿದಳು.

"ಬರೇ ಬಿಸಲಿಗೆ ಹಾಕಿದ್ರ ಹೋಗ್ತಾವೇನ್ರಿ ಅವ್ವಾರ? ಬೀಗರಿದ್ದಂಗ ಇವು. ಒಳಗ ಸರಕೊಂಡು ಕುಂದರತಾವ" ಎಂದು ಅತ್ತೆಗೆ ಹೇಳಿ ನಕ್ಕಳು.

ಅತ್ತೆಯೂ ನಕ್ಕರು. ಅಷ್ಟರಲ್ಲಿ ಬಿಚ್ಚಿದ ಮೂಲೆಯಿಂದ ಒಣಗಿದ ರೊಟ್ಟಿಯ ಚೂರು ಉದುರಿತು.

"ನೋಡ್ ಇಲ್ಲೆ! ತಿನ್ನಾಕ ನೀನ ಇಟ್ಟೀದಿ, ಬರದ ಏನ್ ಮಾಡ್ತಾವ? ಮಂದಿ ಹಾಸಿಗಿ ಮುಟ್ಟಿ ಬರಾಕಿ, ನಿನ್ನ ಕೂಡಾನ ಬಂದಾವ" ಎಂದರು ಅತ್ತೆ.

"ತಗಣಿ ರೊಟ್ಟಿ ತಿಂತಾವೇನ್ರಿ? ರಕ್ತ ಕುಡಿಯೋ ಜಾತಿ ಅವು. ಬೇಕಾದ್ರ ಟೀಚರ್‌ನ ಕೇಳ್ರಿ."

ಇಬ್ಬರೂ ನನ್ನ ಮುಖ ನೋಡಿದರು. ಅದು ನಾನು ಮಕ್ಕಳಿಗೆ ಕಲಿಸುವ ಪಾಠ. "ನನಗ ಗೊತ್ತಿಲ್ಲ" ಎಂದೆ.

ನಾಲ್ಕು ದಿನ ಕೂತು ಆಕೆ ಎಲ್ಲವನ್ನೂ ಮತ್ತೆ ಹೊಲಿದಳು. ಮೂಲೆಗೆ ಏನನ್ನೂ ಇಡಲಿಲ್ಲ. ಆಕೆ ಹೊರಟಾಗ ನಾನು ಬಾಗಿಲಿಗೆ ಹೋಗಿ, "ಸಿಟ್ಟಾದಿ ಏನ?" ಎಂದು ಕೇಳಿದೆ.

"ಇಲ್ರಿ ಟೀಚರ್. ಬರತೇನ್ರಿ."

ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾವಿಬ್ಬರೇ ಇದ್ದಾಗ ಆಕೆ ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

ಅತ್ತೆಯ ಮಾತು ಓಣಿ ತುಂಬ ಹಬ್ಬಿತು. ರೇಣು ಹೊಲಿದ ಕೌದಿಗೆ ತಿಗಣೆ ಬರುತ್ತವೆ ಎಂದರು. ಕೊಟ್ಟ ಸೀರೆಗಳನ್ನು ಜನ ವಾಪಸ್ಸು ಒಯ್ದರು. ಪಕ್ಕದ ಮನೆಯ ಶೆಟ್ಟೆವ್ವ ಆಕೆಯನ್ನು ಕಟ್ಟೆಯ ಮೇಲೆ ಕೂರಲೂ ಬಿಡಲಿಲ್ಲ. ಮಳೆಗಾಲದ ಹೊತ್ತಿಗೆ ರೇಣು ಬೈಲಹೊಂಗಲದ ಟೇಲರ್ ಅಂಗಡಿಯೊಂದಕ್ಕೆ ಗುಂಡಿ ಹಚ್ಚಲು ಹೋಗತೊಡಗಿದಳು. ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಸಿಕ್ಕಳು. ಇವತ್ತು ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಬಸ್ಸು ಬಂದುಬಿಡುತ್ತಿತ್ತು. ಬಸ್ಸಿನಲ್ಲೂ ಹೇಳಬಹುದಿತ್ತು. ಈ ತಿಂಗಳು ಒಂದು ಬೆಳಿಗ್ಗೆ ಆಕೆಗೆ ಎದೆ ನೋವು ಬಂತು, ಸಂಜೆಗೆ ಎಲ್ಲ ಮುಗಿಯಿತು.

ಮೊನ್ನೆ ಅವರ ಮನೆಗೆ ಹೋದೆ. ಆಕೆಯ ಗಂಡ ಬಾಳು ಇದ್ದರು. ಮಾತಾಡಿಸಲು ಬಂದ ಓಣಿಯ ಹೆಂಗಸರೂ ಇದ್ದರು. ಎಲ್ಲರ ಎದುರು ಹೇಳಿದೆ: "ತಗಣಿ ನಮ್ಮ ಮನಿಗೆ ತಂದಾಕಿ ನಾನು. ರೇಣು ಅಲ್ಲ."

ಬಾಳು ನನ್ನತ್ತ ತಿರುಗಿ ಹೇಳಿದರು: "ಆಕಿಗೆ ಗೊತ್ತಿತ್ತರಿ. ಯಾಕ ಸುಮ್ನ ಅದಿ, ಮಂದಿಗೆ ಹೇಳು ಅಂತ ನಾ ಬೈದೆ. 'ನಾ ಹೇಳಿದ್ರ ಜಗಳ ಆಕ್ಕೈತಿ, ಟೀಚರ್ ಹೇಳಿದ್ರ ಮುಗೀತೈತಿ' ಅಂತಿದ್ಲು."

ಮನೆಗೆ ಬಂದು ಅತ್ತೆಗೂ ಹೇಳಿದೆ. ಈಗ ಶಾಲೆ ಬಿಟ್ಟ ಮೇಲೆ ದಿನಕ್ಕೆ ಎರಡು ಮನೆಯಂತೆ ಓಣಿಯ ಎಲ್ಲರಿಗೂ ಹೇಳುತ್ತಿದ್ದೇನೆ. ಯಾರೂ ಜಗಳಕ್ಕೆ ಬರುವುದಿಲ್ಲ. "ಹೋಗ್ಲಿ ಬಿಡ್ರಿ ಟೀಚರ್, ಈಗ್ಯಾಕ ಅದು" ಎನ್ನುತ್ತಾರೆ.