ರೇನ್‌ಕೋಟ್ ಥೊರ್ಕಿಲ್‌ನ ಉತ್ತರದ ಗೋಡೆ

ಥೊರ್ಕಿಲ್‌ಗೆ ಅಸ್ಮುಸ್‌ನ ಮೇಲಿರುವ ಸಿಟ್ಟಿಗೆ ಈ ಚಳಿಗಾಲಕ್ಕೆ ಹತ್ತೊಂಬತ್ತು ವರ್ಷ ತುಂಬುತ್ತದೆ. ಹಳೆಯ ಸಿಟ್ಟು ತಾನಾಗಿ ಮೆತ್ತಗಾಗುತ್ತದೆ ಅನ್ನುವವರು ಬೋಗೊ ದ್ವೀಪಕ್ಕೆ ಬಂದು, ಅವನೆದುರು ನಿಂತು ಆ ಒಂದು ಪದ ಆಡಿ ನೋಡಲಿ. ಆ ಪದ ‘ರೇನ್‌ಕೋಟ್’.

ಥೊರ್ಕಿಲ್ ಬಡಗಿ. ಏಳನೇ ತರಗತಿಗೆ ಶಾಲೆಗೆ ಕೈಮುಗಿದು ಉಳಿ ಹಿಡಿದವನು. ಊರಿನ ಮೇಷ್ಟ್ರ ಮನೆಯ ಅಟ್ಟದಲ್ಲಿ ಚಳಿ ತಡೆಯಲಾಗುವುದಿಲ್ಲವೆಂದು ಅವನನ್ನು ಕರೆಸಿದ್ದರು. ಸಾಮಾನಿನ ಜೊತೆ ಬಂದ ಅಚ್ಚಾದ ಕಾಗದದಲ್ಲಿ ಹೇಗೆ ಬರೆದಿತ್ತೋ ಹಾಗೇ, ಒಂದು ಗೆರೆ ಆಚೀಚೆ ಆಗದಂತೆ, ಚಳಿ ತಡೆಯುವ ಗಾಜಿನ ಉಣ್ಣೆ ತುಂಬಿ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಬಿಗಿದ. ಆಮೇಲೆ ಕರೆಂಟಿನವನು ಬಂದು ದೀಪಗಳಿಗೆಂದು ಆ ಹಾಳೆಗೆ ಹದಿನಾರು ತೂತು ಕೊರೆದ. ಅಡುಗೆಯ ಹಬೆ, ಸ್ನಾನದ ಹಬೆ ಎಲ್ಲ ಆ ತೂತುಗಳಿಂದ ನುಗ್ಗಿ ತೊಲೆಗಳಲ್ಲಿ ಕೂತಿತು. ಎಂಟು ವರ್ಷಕ್ಕೆ ತೊಲೆಯ ತುದಿಗಳು ನೆನೆಸಿದ ಬ್ರೆಡ್ಡಿನಂತಾದವು. ಕರೆಂಟಿನವನ ಹೆಸರನ್ನು ಯಾರಾದರೂ ಎತ್ತಿದರೇ? ಇಲ್ಲ.

ಅಸ್ಮುಸ್ ಕಡಲಹುಲ್ಲು ಒಣಗಿಸುವವನು. ದಂಡೆಗೆ ಬಿದ್ದ ಹುಲ್ಲನ್ನು ಹೊಲಕ್ಕೆ ಸಾಗಿಸಿ, ಹರವಿ, ಒಣಗಿಸಿ, ಕಂತೆ ಕಟ್ಟಿ, ಗೋಡೆಗೆ ಹಾಸಿಗೆಗೆ ತುಂಬಲು ಮಾರುವ ಕಸುಬು ಅವನ ಅಜ್ಜನಿಂದ ಬಂದದ್ದು. ಆ ಮೇಷ್ಟ್ರ ತೊಲೆಗೆ ತನ್ನ ಜೇಬಿನ ಚಾಕು ಚುಚ್ಚಿ ನೋಡಿದ್ದ. ಅದು ಹಿಡಿಯವರೆಗೂ ಇಳಿಯಿತಂತೆ. ಕ್ರಿಸ್ಮಸ್ಸಿನ ಊಟಕ್ಕೆ ಊರೆಲ್ಲ ಸಭಾಮನೆಯಲ್ಲಿ ಸೇರಿದ್ದಾಗ ಎದ್ದು ನಿಂತು ಹೇಳಿದ:

“ನಮ್ಮ ಥೊರ್ಕಿಲ್ ಮನೆಗೆ ರೇನ್‌ಕೋಟ್ ತೊಡಿಸ್ಬಿಟ್ಟಿದ್ದಾನೆ ಕಣ್ರಪ್ಪಾ! ಒಳಗಿನ ಬೆವರು ಎಲ್ಲಿಗೆ ಹೋಗ್ಬೇಕು, ಬೂಟಿನೊಳಕ್ಕಾ?”

ಎಂಬತ್ತು ಜನ ನಕ್ಕರು. ಮಾರನೆಯ ಬೆಳಿಗ್ಗೆ ಅಂಚೆಯವಳು ಬಾಗಿಲು ತಟ್ಟಿ, “ರೇನ್‌ಕೋಟ್, ನಿನಗೊಂದು ಕಾಗದ” ಎಂದಳು. ಅಲ್ಲಿಗೆ ಮುಗಿಯಿತು. ಅಪ್ಪ ಅಮ್ಮ ಇಟ್ಟ ಹೆಸರು ಸಮಾಧಿಯ ಕಲ್ಲಿಗೆ ಮಾತ್ರ ಉಳಿಯಿತು.

ಈ ಕಡೆಯ ಜನರಲ್ಲಿ ಒಂದು ಮರ್ಯಾದೆಯುಂಟು. ಒಟ್ಟಿಗೆ ಉಂಡಿದ್ದರೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದ್ದರೆ, ಮುಂದಿನ ಸಲ ಕಂಡಾಗ ಮೊದಲ ಮಾತೇ “ಹೋದ್ಸಲದ್ದಕ್ಕೆ ಉಪಕಾರ ಆಯ್ತು” ಎಂದಾಗಿರಬೇಕು. ಹವಾಮಾನ, ದನಕರು, ಮೊಣಕಾಲು ನೋವು ಎಲ್ಲ ಆಮೇಲೆ. ಆ ಊಟದ ಮಾರನೆಯ ದಿನ ಅಂಗಡಿಯಲ್ಲಿ ಅಸ್ಮುಸ್ ಆ ಮಾತು ಹೇಳಿದ. ಥೊರ್ಕಿಲ್ ತಿರುಗಿ ಆಲೂಗಡ್ಡೆ ಆರಿಸತೊಡಗಿದ. ಆವತ್ತಿನಿಂದ ಅಸ್ಮುಸ್‌ಗೆ ಆ ಮಾತು ಅವನ ಬಾಯಿಂದ ಸಿಕ್ಕಿಲ್ಲ.

ಹೀಗೇ ಹನ್ನೆರಡು ವರ್ಷ ಕಳೆಯಿತು. ಅಷ್ಟರಲ್ಲಿ ಥೊರ್ಕಿಲ್‌ನ ಹೆಂಡತಿ ಗುಡ್ರುನ್‌ಳ ಎದೆ ಕೆಟ್ಟಿತು. ಬಂದರಿನ ಪಕ್ಕದ ಅವರ ಮನೆ ವರ್ಷಕ್ಕೆ ಒಂಬತ್ತು ತಿಂಗಳು ತೇವ. ಉಸಿರೆಳೆದರೆ ಎದೆಯೊಳಗೆ ಕೆಟಲ್ಲು ಕೂಗಿದಂತೆ ಸೀಟಿ. ಡಾಕ್ಟರು ಒಣಗಿದ ಮನೆ ನೋಡಿಕೊಳ್ಳಿ ಎಂದರು. ಥೊರ್ಕಿಲ್‌ಗೆ ಅಪ್ಪನಿಂದ ಬಂದದ್ದು ಗುಡ್ಡದ ಮೇಲಿನ ದನದ ಕೊಟ್ಟಿಗೆ, ದಪ್ಪ ಇಟ್ಟಿಗೆಯದು, ಕೊನೆಯ ಹಸು ಹೋದ ಮೇಲೆ ಖಾಲಿ ಬಿದ್ದಿತ್ತು. ಅದನ್ನೇ ಮನೆ ಮಾಡುತ್ತೇನೆಂದ.

“ಒಂದು ಚಳಿಗಾಲ ನೋಡ್ತೀನಿ,” ಎಂದಳು ಗುಡ್ರುನ್. “ಎದೆ ಸೀಟಿ ಹೊಡೀತೋ, ನಾನು ನ್ಯುಕೋಬಿಂಗ್ ಪೇಟೆಗೆ, ತಂಗಿ ಮನೆಗೆ. ಮೂರನೇ ಮಹಡಿ, ಬೆಚ್ಚಗಿದೆ. ನೀನೂ ಬಾ.”

“ಮೂರನೇ ಮಹಡೀಲಿ ನಾನು ಮರ ಎಲ್ಲಿ ಕೊಯ್ಲಿ? ಬಾಲ್ಕನೀಲಾ?”

“ಹಂಗಾದ್ರೆ ಇಲ್ಲೇ ಇರು, ನಿಮ್ಮಪ್ಪನ ಹಸುಗಳ ದೆವ್ವದ ಜೊತೆ.”

ನಗುತ್ತಲೇ ಹೇಳಿದಳು. ಆದರೆ ಅವಳು ನಗುತ್ತ ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ಮೂವತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಅದು ಗೊತ್ತಿಲ್ಲವೇ?

ಇನ್ನು ಗೋಡೆಗೆ ಏನು ತುಂಬುವುದು? ಇಟ್ಟಿಗೆಯ ಒಳಬದಿಗೆ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಚಳಿ ತಡೆಯುವಂಥದ್ದೇನನ್ನಾದರೂ ತುಂಬಿ, ಮೇಲೆ ಸುಣ್ಣದ ಗಾರೆ ಬಳಿಯಬೇಕು. ಥೊರ್ಕಿಲ್ ಎಲ್ಲದರಿಂದಲೂ ಒಂದೊಂದು ತುಂಡು ತಂದು ದಿಂಬಿನ ಚೀಲಗಳಲ್ಲಿ ತುಂಬಿ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟ. ಗುಡ್ರುನ್ ದಿನಕ್ಕೊಂದು ಚೀಲ ಮಡಿಲಲ್ಲಿಟ್ಟುಕೊಂಡು ಕಾಲುಚೀಲ ಹೆಣೆದಳು. ತೀರ್ಪು ಕೊಡಬೇಕಾದ್ದು ಅವಳ ಎದೆ.

ಗಾಜಿನ ಉಣ್ಣೆಯನ್ನು ಅವಳ ಮಡಿಲವರೆಗೂ ಬಿಡಲಿಲ್ಲ; ಅದನ್ನು ಕಂಡರೇ ಥೊರ್ಕಿಲ್‌ನ ಮೊಣಕೈ ತುರಿಸುತ್ತದೆ. ಹಳೆಯ ಪೇಪರಿನ ಚೂರುಗಳನ್ನು ಗುಡ್ರುನ್ ಕೈಗೆತ್ತಿಕೊಂಡು, ಕನ್ನಡಕ ಏರಿಸಿ, “ಯಾರದೋ ಸಾವಿನ ಸುದ್ದಿ ನನ್ನ ಗೋಡೆಯೊಳಗೆ ಬೇಡ ಕಣೋ” ಎಂದಳು. ಕುರಿಯ ಉಣ್ಣೆಗೆ ಒಂದು ಮಧ್ಯಾಹ್ನವಿಡೀ ಸೀನಿದಳು. ಮರದ ನಾರಿನ ಹಲಗೆಗೆ ಸೀನಲಿಲ್ಲ, ಆದರೆ ಅದಕ್ಕೆ ನೆಟ್ಟನೆಯ ಗೋಡೆ ಬೇಕು. ಕೊಟ್ಟಿಗೆಯ ಉತ್ತರದ ಗೋಡೆಗೆ ಬಸುರಿಯಂತೆ ಹೊಟ್ಟೆ ಬಂದಿತ್ತು. ಕೊನೆಯ ಚೀಲಕ್ಕೆ ಮೂಗಿಟ್ಟವಳು ಮುಖ ಎತ್ತಲೇ ಇಲ್ಲ. ಥೊರ್ಕಿಲ್ ಹೆದರಿದ.

“ಏನಾಯ್ತೇ?”

“ನಮ್ಮಜ್ಜಿ ಹಾಸಿಗೆ,” ಎಂದಳು ಚೀಲದೊಳಗಿನಿಂದಲೇ. “ಕಡಲಹುಲ್ಲು. ಇದೇ ಇರ್ಲಿ.”

ಹುಲ್ಲು ಬೇಕೆಂದರೆ ಅಸ್ಮುಸ್. ಇಡೀ ದ್ವೀಪಕ್ಕೆ ಅವನೊಬ್ಬನೇ. ಥೊರ್ಕಿಲ್ ಮೇಜು ಗುದ್ದಿದ ಹೊಡೆತಕ್ಕೆ ಕಾಫಿ ಚೆಲ್ಲಿತು.

“ಆ ಮನುಷ್ಯನ ಹುಲ್ಲು ನನ್ನ ಗೋಡೆಗಾ? ಸಮುದ್ರ ಏನು ಅವನಪ್ಪಂದಾ? ನಾನೇ ಒಣಗಿಸ್ತೀನಿ!”

ಜೂನ್ ತಿಂಗಳ ಬಿರುಗಾಳಿಗೆ ದಂಡೆಯ ತುಂಬ ಹುಲ್ಲು ಬಂದು ಬಿತ್ತು. ಟ್ರಾಕ್ಟರಿನಲ್ಲಿ ಹನ್ನೊಂದು ಸಲ ಹೇರಿ ತಂದು ಕೊಟ್ಟಿಗೆಯ ಹಿಂದಿನ ಹೊಲದಲ್ಲಿ ಹರವಿದ. ಆ ಬೇಸಿಗೆಯೋ, ಹತ್ತೊಂಬತ್ತು ದಿನ ಹನಿ ಮಳೆಯಿಲ್ಲ. ಹುಲ್ಲು ಕಪ್ಪಗೆ, ಗರಿಗರಿಯಾಗಿ, ಕಾಲಿಟ್ಟರೆ ಸರಸರ ಸದ್ದು ಮಾಡುತ್ತಿತ್ತು. ದನಕ್ಕೆ ಹುಲ್ಲು ಒಣಗಿಸಿ ಬೆಳೆದ ಮನೆಯ ಮಗ; ಒಣಗಿತು ಅಂದರೆ ಸಿದ್ಧವಾಯಿತು ಎಂದೇ ಅವನ ಲೆಕ್ಕ. ಇಪ್ಪತ್ತನೆಯ ದಿನ ಪಶ್ಚಿಮದಲ್ಲಿ ಮೋಡ ಕಟ್ಟಿತು. ಆಗಲೇ ಬೇಲಿಯಾಚೆ ಅಸ್ಮುಸ್‌ನ ಸೈಕಲ್ಲು ನಿಂತಿತು.

“ಅದನ್ನ ಮಳೆಗೆ ಬಿಡೋ,” ಎಂದ ಅಸ್ಮುಸ್, ಒಂದು ಕಾಲು ನೆಲಕ್ಕೂರಿ. “ಇನ್ನೂ ಸ್ನಾನ ಆಗಿಲ್ಲ ಅದಕ್ಕೆ. ರೇನ್‌ಕೋಟ್ ಹಾಕ್ಬಿಟ್ಟೀಯ ಮತ್ತೆ!”

ಒಂದೇ ಉಸಿರಿನಲ್ಲಿ ಬುದ್ಧಿಮಾತೂ ಇತ್ತು, ಕುಟುಕೂ ಇತ್ತು. ಥೊರ್ಕಿಲ್‌ನ ಕಿವಿಗೆ ಬಿದ್ದದ್ದು ಕುಟುಕು ಮಾತ್ರ.

“ನಿನ್ನ ಸೈಕಲ್ ತುಳ್ಕೊಂಡು ಹೋಗ್ತಾ ಇರು!” ಎಂದು ಕೂಗಿ, ಸೀದಾ ಒಳಗೆ ಹೋಗಿ, ಇದ್ದಬದ್ದ ಟಾರ್ಪಾಲುಗಳನ್ನೆಲ್ಲ ಎಳೆದು ತಂದು ಹುಲ್ಲಿಗೆ ಹೊದಿಸಿದ. ಎರಡು ದಿನ ಹದವಾದ ಮಳೆ ಸುರಿಯಿತು. ಒಂದು ಹನಿಯೂ ಹುಲ್ಲಿಗೆ ತಾಗಲಿಲ್ಲ. ಮೂರನೆಯ ದಿನ ಹೆಮ್ಮೆಯಿಂದ ಕಂತೆ ಕಟ್ಟಿದ.

ಮೊದಲು ಚಳಿ ಹೊಡೆಯುವ ಉತ್ತರದ ಗೋಡೆಗೆ ಆ ಹುಲ್ಲನ್ನೆಲ್ಲ ತುಂಬಿ ಗಾರೆ ಬಳಿದ. ಉಳಿದ ಗೋಡೆಗಳಿಗೆ ಮುಂದಿನ ಬೇಸಿಗೆ ಎಂದುಕೊಂಡ. ಸೆಪ್ಟೆಂಬರಿನಲ್ಲಿ ಗುಡ್ರುನ್ ಹೂಕುಂಡಗಳೊಂದಿಗೆ ಬಂದಳು. ಒಂದು ತಿಂಗಳು ಅವಳ ಉಸಿರು ಸಪ್ಪಳವಿಲ್ಲದೆ ಓಡಾಡಿತು. ಥೊರ್ಕಿಲ್ ಕೆಲಸ ಮಾಡುವಾಗ ಶಿಳ್ಳೆ ಹಾಕುವುದನ್ನೂ ಬಿಟ್ಟಿದ್ದ, ಅವಳ ಉಸಿರು ಕೇಳಲಿ ಎಂದು.

ಅಕ್ಟೋಬರಿನಲ್ಲಿ ಕಡಲಿನ ಮಂಜು ಗುಡ್ಡ ಹತ್ತಿತು. ಐದನೆಯ ದಿನ ಉತ್ತರದ ಗೋಡೆಯಲ್ಲಿ ತಟ್ಟೆಯಗಲದ ಕಪ್ಪು ಕಲೆಗಳು ಎದ್ದವು. ಗುಡ್ರುನ್ ಬೆರಳಿಂದ ಗೋಡೆ ಸವರಿ ನಾಲಿಗೆಗಿಟ್ಟುಕೊಂಡಳು.

“ಥೊರ್ಕಿಲ್, ಗೋಡೆ ಉಪ್ಪುಪ್ಪು.”

“ಯಾರಾದ್ರೂ ಗೋಡೆ ನೆಕ್ತಾರೇನೇ!”

“ನೀನು ಹುಲ್ಲು ನೆಕ್ಕಿದ್ರೆ ನಾನು ಗೋಡೆ ನೆಕ್ಕೋದು ತಪ್ಪೋದು.”

ಆಗ ಹೊಳೆಯಿತು ಅವನಿಗೆ. ಸ್ನಾನ ಎಂದರೆ ಅದು. ಕಡಲಹುಲ್ಲು ಬಿಸಿಲಿಗೆ ಒಣಗಿದರೆ ಸಾಲದು, ಉಪ್ಪು ಹೋಗುವಷ್ಟು ಮಳೆ ತಿನ್ನಬೇಕು. ಉಪ್ಪು ಉಳಿದ ಹುಲ್ಲು ಗಾಳಿಯೊಳಗಿನ ನೀರನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಹಳಬರು ಒಂದು ಎಸಳು ಅಗಿದು ನೋಡಿದ ಮೇಲೇ ಕಂತೆ ಕಟ್ಟುತ್ತಿದ್ದರು. ಅವನು ಹೆಂಡತಿಯ ಮನೆಗೆ ತನ್ನ ಕೈಯಾರೆ ರೇನ್‌ಕೋಟ್ ತೊಡಿಸಿದ್ದ, ಅದೂ ಟಾರ್ಪಾಲಿನದು.

ವಾರದೊಳಗೆ ಸೀಟಿ ಶುರುವಾಯಿತು. ಗುಡ್ರುನ್ ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿ, ಮಂಚದ ಕಾಲಬಳಿ ತೆರೆದಿಟ್ಟಳು. ಖಾಲಿ ಇತ್ತು. ಮಾರನೆಯ ದಿನ ಅದರಲ್ಲಿ ಎರಡು ಸ್ವೆಟರ್ ಇದ್ದವು.

ಥೊರ್ಕಿಲ್ ಗಾರೆ ಒಡೆದು ಗೋಡೆ ಬಿಚ್ಚಿದ. ಆಮೇಲೆ ಕೋಟು ಹಾಕಿಕೊಂಡು ಅಸ್ಮುಸ್‌ನ ಶೆಡ್ಡಿಗೆ ನಡೆದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಗಿಲಲ್ಲಿ ನಿಂತ. ಅಸ್ಮುಸ್ ಹುಲ್ಲು ಕೆದರುವ ಹಲುಬೆಯ ಹಲ್ಲು ಬದಲಿಸುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಥೊರ್ಕಿಲ್ ಹತ್ತಿರದ ಕಂತೆಯಿಂದ ಒಂದು ಎಸಳು ಎಳೆದು ಬಾಯಿಗಿಟ್ಟು ಅಗಿದ. ಹಳೆಯ ಚಹಾಪುಡಿಯಂತೆ ಸಪ್ಪೆ. ಉಪ್ಪಿನ ಸುಳಿವೇ ಇಲ್ಲ.

ಅವನು ಅಗಿಯುವುದನ್ನೇ ಅಸ್ಮುಸ್ ನೋಡಿದ. “ಉತ್ತರದ ಗೋಡೆ ತಾನೆ?” ಎಂದ. “ಆ ಮೂಲೇಲಿರೋ ನಲವತ್ತೆರಡು ಕಂತೆ ನಿಂದೇ. ಜುಲೈನಿಂದ ತೆಗೆದಿಟ್ಟಿದ್ದೀನಿ.”

“ಜುಲೈನಿಂದಾನಾ?”

“ಟಾರ್ಪಾಲು ರಸ್ತೆಗೇ ಕಾಣ್ತಿತ್ತಲ್ಲೋ.”

“ಎಷ್ಟು ಕೊಡ್ಬೇಕು?”

“ನಿನ್ನ ಉಪ್ಪುಹುಲ್ಲು ತಂದು ನನ್ನ ಹೊಲದಲ್ಲಿ ಹರವು. ಚಳಿಗಾಲದ ಮಳೆ ತೊಳೆಯುತ್ತೆ. ಆಮೇಲೆ ಅದು ನಂದು. ಅಲ್ಲಿಗಲ್ಲಿಗೆ ಆಯ್ತು.”

ನಾಲ್ಕು ದಿನ ಇಬ್ಬರೂ ಪಕ್ಕಪಕ್ಕ ನಿಂತು ಗೋಡೆ ತುಂಬಿದರು. ಅಸ್ಮುಸ್ ಮುಷ್ಟಿಯಿಂದ ಒತ್ತಿ, “ಇಷ್ಟು ಸಾಕು, ಹೆಂಡತೀನ ತಬ್ಬಿದಷ್ಟು, ಕಳ್ಳನ್ನ ಹಿಡಿದಷ್ಟಲ್ಲ” ಎಂದು ತೋರಿಸಿದ. ಥೊರ್ಕಿಲ್ ಗೊಣಗಿದ, ಹಾಗೇ ಮಾಡಿದ. ಗುಡ್ರುನ್ ಹಳದಿ ಬಟಾಣಿಯ ಸಾರು, ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು ಇಟ್ಟಳು. ಅಸ್ಮುಸ್ ಮೂರು ಸಲ ಬಡಿಸಿಕೊಂಡ. ನವೆಂಬರಿನ ಮಂಜು ಹತ್ತು ದಿನ ಕೂತಿತು. ಗೋಡೆ ಬೆಳ್ಳಗೇ ಇತ್ತು. ಒಂದು ಬೆಳಿಗ್ಗೆ ಸೂಟ್‌ಕೇಸ್ ಮತ್ತೆ ಬೀರುವಿನ ಮೇಲೆ ಹತ್ತಿದ್ದನ್ನು ಕಂಡು ಥೊರ್ಕಿಲ್ ಹೊರಗೆ ಹೋಗಿ, ಬೇಕಿಲ್ಲದಿದ್ದರೂ ಒಂದು ರಾಶಿ ಸೌದೆ ಸೀಳಿದ.

ಈಗ ಥೊರ್ಕಿಲ್ ಆ ಉಪಕಾರದ ಮಾತು ಹೇಳಲೇಬೇಕಿತ್ತು. ಆ ಶನಿವಾರ ಅಂಗಡಿಯಲ್ಲಿ ಅಸ್ಮುಸ್ ಎದುರಾದ. ಸಾಲಿನಲ್ಲಿ ನಿಂತ ಆರು ಜನ ಮಾತು ನಿಲ್ಲಿಸಿದರು. ವಿಷಯ ಎಲ್ಲರಿಗೂ ಗೊತ್ತು. ಥೊರ್ಕಿಲ್ ಟೋಪಿ ತೆಗೆದ, ಗಂಟಲು ಸರಿಮಾಡಿಕೊಂಡ. “ಹೋದ್ಸ...” ಎನ್ನುವಷ್ಟರಲ್ಲಿ ಅಸ್ಮುಸ್ ಅವನ ಬೆನ್ನು ತಟ್ಟಿ ಕೇಳಿದ:

“ಏನ್ ರೇನ್‌ಕೋಟ್, ಗೋಡೆ ಹೇಗಿದೆ?”

ಆರು ಜನವೂ ನಕ್ಕರು. ಬಾಯಿಗೆ ಬಂದ ಮಾತನ್ನು ಥೊರ್ಕಿಲ್ ನುಂಗಿ, ಟೋಪಿ ಹಾಕಿಕೊಂಡು, ಆಲೂಗಡ್ಡೆಯ ಕಡೆ ತಿರುಗಿದ.

ಅದಾಗಿ ಏಳು ವರ್ಷ. ಉಳಿದ ಮೂರು ಗೋಡೆಗೂ ಅಸ್ಮುಸ್‌ನ ಹುಲ್ಲೇ ಹೋಗಿದೆ. ಪ್ರತಿ ಶುಕ್ರವಾರ ಅವನು ಕಾಫಿಗೆ ಬರುತ್ತಾನೆ, ಒಳಗೆ ಬಂದವನೇ ಉತ್ತರದ ಗೋಡೆಗೆ ಅಂಗೈ ಇಟ್ಟು ನೋಡಿ ಕೂರುತ್ತಾನೆ. ಗುಡ್ರುನ್ ಗಂಡನ ಕಾಲನ್ನು ಮೇಜಿನಡಿ ಒದೆಯುತ್ತಾಳೆ. ಥೊರ್ಕಿಲ್ ಆ ಮಾತಿಗೆಂದು ಬಾಯಿ ತೆರೆಯುತ್ತಾನೆ, ಮತ್ತೆ ಈ ವಾರದ ಗಾಳಿಯ ವಿಷಯ ಎತ್ತುತ್ತಾನೆ. ಅಸ್ಮುಸ್ ಕಪ್ಪಿನ ಮೇಲಿಂದ ಅವನನ್ನೇ ನೋಡುತ್ತ ಕಾಯುತ್ತಾನೆ, ಆಮೇಲೆ ಇನ್ನೊಂದು ಕಪ್ ಕೇಳುತ್ತಾನೆ.